ಸಂಘಾತದ ಲೆಕ್ಕ

ಎಲ್ಲೂರು, ಕಾಪು, ಉಡುಪಿಗಳ ಸುತ್ತಿನ ತುಳುನಾಡಿನ ವಿನೋದಗಳಲ್ಲಿ ‘ತಾರಾಯಿ ಕುಟ್ಟುನ’ ಎಂಬುದೂ ಒಂದು. ಒಬ್ಬನ ತೆಂಗಿನಕಾಯಿಗೆ ಮತ್ತೊಬ್ಬನ ಕಾಯಿಯನ್ನು ಕುಟ್ಟುವುದು. ಯಾರ ಕಾಯಿ ಒಡೆಯಿತೋ ಅವನು ಸೋತನು. ಗೆದ್ದ ಕಾಯಿಯೇ ಹೆಚ್ಚು ಬಲವಾಗಿ ಹೊಡೆಯಿತೆಂದು ನೋಡುವವರಿಗೆ ತೋರುವುದು ಸಹಜ. ಇದು ನಿಜವೆ? ಈ ಸಣ್ಣ ಪ್ರಶ್ನೆಯ ಹಿಂದೆ ಯೂರೋಪಿನ ಪಂಡಿತರನ್ನು ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಡಿದ ಸಮಸ್ಯೆಯೊಂದರ ಚರಿತ್ರೆಯಿದೆ.

1644ರಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ಡೇಕಾರ್ಟನು, ಜಗತ್ತಿನಲ್ಲಿರುವ ಚಲನೆಯ ಮೊತ್ತ ಎಂದಿಗೂ ಕುಂದದೆಂದು ಸಾರಿ, ಸಂಘಾತಕ್ಕೆ ಏಳು ನಿಯಮಗಳನ್ನು ವಿಧಿಸಿದನು. ವಸ್ತುವಿನ ಗಾತ್ರವನ್ನು ವೇಗದಿಂದ ಗುಣಿಸುವ ಅವನ ಎಣಿಕೆ ಸತ್ಯಕ್ಕೆ ಸಮೀಪವಾಗಿತ್ತು. ಆದರೆ ದಿಕ್ಕನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದುದರಿಂದ, ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದು ಎಷ್ಟು ವೇಗದಿಂದ ಹೊಡೆದರೂ ಕದಲಿಸಲಾರದು, ತಾನೇ ಅದೇ ವೇಗದಿಂದ ಹಿಂದಿರುಗುವುದು, ಎಂದು ಬರೆದನು. ಗೋಲಿಯಾಡುವ ಹುಡುಗನೂ ಇದನ್ನು ಒಪ್ಪಲಾರನು.

1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಈ ಸಮಸ್ಯೆಯನ್ನು ವಿದ್ವಾಂಸರ ಮುಂದಿಟ್ಟರು. ಗಣಿತಜ್ಞ ವಾಲಿಸ್, ವಾಸ್ತುಶಿಲ್ಪಿಯೂ ಆಗಿದ್ದ ರೆನ್, ಹಾಲೆಂಡಿನ ಹೈಗೆನ್ಸ್ ಈ ಮೂವರು ಉತ್ತರ ಕಳುಹಿಸಿದರು. ವಾಲಿಸನು ಅಂಟಿಕೊಳ್ಳುವ ವಸ್ತುಗಳನ್ನು ವಿಚಾರಿಸಿದನು. 1 ಸೇರಿನ ಮಣ್ಣಿನ ಮುದ್ದೆ ಸೆಕೆಂಡಿಗೆ 6 ಅಡಿ ವೇಗದಿಂದ ಬಂದು, ನಿಂತಿರುವ 2 ಸೇರಿನ ಮುದ್ದೆಗೆ ಅಂಟಿತೆನ್ನೋಣ. ಆಮೇಲೆ 3 ಸೇರಿನ ಮುದ್ದೆ ಸೆಕೆಂಡಿಗೆ 2 ಅಡಿ ಚಲಿಸುತ್ತದೆ. ಮೊದಲೂ 6, ಆಮೇಲೂ 6. ದಿಕ್ಕಿನೊಡನೆ ಎಣಿಸಿದ ಈ ಗುಣಲಬ್ಧವನ್ನೇ ನಾವು ಸಂವೇಗವೆನ್ನುತ್ತೇವೆ.

ಪುಟಿಯುವ ಗೋಲಗಳ ವಿಷಯದಲ್ಲಿ ಹೈಗೆನ್ಸನ ಯುಕ್ತಿ ಮನೋಹರವಾದುದು. ಮೆಲ್ಲನೆ ಸಾಗುವ ದೋಣಿಯಲ್ಲಿ ಒಬ್ಬನು ಎರಡು ಸಮಾನ ಗೋಲಗಳನ್ನು ಸಮಾನ ವೇಗದಿಂದ ಎದುರುಬದುರಾಗಿ ತಾಗಿಸಿದರೆ, ಅವು ಬಂದ ವೇಗದಿಂದಲೇ ಹಿಂದಿರುಗುತ್ತವೆ. ದೋಣಿಯ ವೇಗವೂ ಗೋಲದ ವೇಗವೂ ಒಂದೇ ಆಗಿದ್ದರೆ, ದಡದಲ್ಲಿ ನಿಂತವನ ಕಣ್ಣಿಗೆ ಒಂದು ಗೋಲ ಸ್ಥಿರವಾಗಿದ್ದು, ಇನ್ನೊಂದು ಬಂದು ತಾಗಿ ನಿಂತು, ಸ್ಥಿರವಾಗಿದ್ದುದು ಅದರ ವೇಗವನ್ನು ಪಡೆದು ಹೊರಟಂತೆ ಕಾಣುವುದು. ಕೇರಂ ಆಡುವವರಿಗೆ ಇದು ಪರಿಚಿತ ದೃಶ್ಯ.

1687ರಲ್ಲಿ ನ್ಯೂಟನ್ನನು ತನ್ನ ‘ಪ್ರಿನ್ಸಿಪಿಯಾ’ದಲ್ಲಿ ಇವೆಲ್ಲಕ್ಕೂ ಆಧಾರವನ್ನು ತೋರಿಸಿದನು: ಕ್ರಿಯೆಯೂ ಪ್ರತಿಕ್ರಿಯೆಯೂ ಸಮಾನ, ದಿಕ್ಕು ಮಾತ್ರ ವಿರುದ್ಧ. ಅವನು ಗೋಲಗಳನ್ನು ಲೋಲಕಗಳಾಗಿ ತೂಗುಬಿಟ್ಟು ಪರೀಕ್ಷಿಸಿದನು. ಬಿಗಿದ ಉಣ್ಣೆಯ ಉಂಡೆಗಳು ಒಂದನ್ನೊಂದು ಸಮೀಪಿಸಿದ ವೇಗದ 9ರಲ್ಲಿ 5 ಪಾಲಿನಿಂದಲೂ, ಗಾಜಿನವು 16ರಲ್ಲಿ 15 ಪಾಲಿನಿಂದಲೂ ಬೇರ್ಪಟ್ಟವು. ಪುಟಿತ ಬೇರೆಯಾದರೂ ಒಟ್ಟು ಸಂವೇಗ ಕೆಡಲಿಲ್ಲ.

ಹಾಗಾದರೆ ನಮ್ಮ ತೆಂಗಿನಕಾಯಿಗಳಿಗೆ ಬಿದ್ದ ಪೆಟ್ಟು ಎರಡಕ್ಕೂ ಒಂದೇ. ಯಾವುದರ ಕರಟ ತಾಗಿದೆಡೆಯಲ್ಲಿ ಬಲಹೀನವೋ ಅದು ಒಡೆಯಿತು. ಕಾಪುವಿನ ಹೆದ್ದಾರಿಯಲ್ಲಿ ಲಾರಿಯೂ ಸ್ಕೂಟರೂ ತಾಗಿದರೂ ಪೆಟ್ಟು ಸಮಾನವೇ. ಆದರೆ ಲಾರಿಯ ವೇಗ ತುಸುವೇ ಬದಲಾಗುತ್ತದೆ, ಹಗುರವಾದ ಸ್ಕೂಟರಿನದು ಕ್ಷಣಮಾತ್ರದಲ್ಲಿ ತಲೆಕೆಳಗಾಗುತ್ತದೆ. ಪ್ರಕೃತಿಯ ಲೆಕ್ಕದಲ್ಲಿ ಪಕ್ಷಪಾತವಿಲ್ಲ. ಅದನ್ನು ತೆರುವ ದೇಹಗಳು ಮಾತ್ರ ಸಮಾನವಲ್ಲ. ಭಾರದ ವಾಹನವನ್ನು ನಡೆಸುವವರು ಈ ಹಳೆಯ ಲೆಕ್ಕವನ್ನು ನೆನಪಿನಲ್ಲಿಡುವುದು ಒಳ್ಳೆಯದು.