ಹಲ್ಲು ಸರಿದರೆ ತುಟಿಯೂ ಸರಿಯುವುದೇ?

ಹಲ್ಲಿಗೆ ತಂತಿ ಹಾಕಿಸಿಕೊಂಡ ಮಕ್ಕಳು ಗೋಕಾಕದ ಕರದಂಟಿನಿಂದ ದೂರವಿರಬೇಕಾಗುತ್ತದೆ. ಬೆಲ್ಲ, ಅಂಟು ತಂತಿಯ ಸಂದಿಯಲ್ಲಿ ಕುಳಿತರೆ ಬಿಡಿಸುವುದು ಪ್ರಯಾಸ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಮಕ್ಕಳನ್ನು ಬೆಳಗಾವಿಗೆ ಕರೆದೊಯ್ಯುವ ಪಾಲಕರ ಅಳುಕು ಬೇರೆ. ಅಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಕಾಲೇಜು 1985ರಿಂದ ಇದೆ. ಕಿಕ್ಕಿರಿದ ಹಲ್ಲುಗಳಿಗೆ ಜಾಗ ಬೇಕಾದರೆ ಒಂದೆರಡನ್ನು ಕೀಳಬೇಕು, ಇಲ್ಲವೆ ಸಾಲನ್ನೇ ಅಗಲಿಸಬೇಕು. ಅಗಲಿಸಿದರೆ ತುಟಿ ಉಬ್ಬಿ ಮುಖ ಕೆಟ್ಟೀತೆ?

ಈ ಪ್ರಶ್ನೆ ಹಳೆಯದು. 1860ರಲ್ಲಿ ಅಮೆರಿಕದ ದಂತವೈದ್ಯ ಎಮರ್ಸನ್ ಏಂಜೆಲ್ ಹದಿಹರೆಯದ ಹುಡುಗಿಯೊಬ್ಬಳ ಬಾಯಿಯಲ್ಲಿ, ಅಂಗುಳಕ್ಕೆ ಅಡ್ಡವಾಗಿ ತಿರುಪೊಂದನ್ನು ಅಳವಡಿಸಿದ. ಎರಡೇ ವಾರದಲ್ಲಿ ಮೇಲಿನ ಬಾಚಿಹಲ್ಲುಗಳ ನಡುವೆ ಸಂದು ಬಿಟ್ಟಿತು. ಮೇಲ್ದವಡೆಯ ಎರಡು ಮೂಳೆಗಳ ನಡುವಿನ ಬೆಸುಗೆಯೇ ತೆರೆದಿದೆ ಎಂದರೆ ಸಮಕಾಲೀನರು ನಂಬಲಿಲ್ಲ. ಎಳೆಯ ವಯಸ್ಸಿನಲ್ಲಿ ಅದು ತೆರೆಯುತ್ತದೆಂಬುದು ಈಗ ದಂತವೈದ್ಯರಿಗೆ ನಿತ್ಯದ ಸಂಗತಿ.

ಮುಂದೆ ಎಡ್ವರ್ಡ್ ಆಂಗಲ್ ಒಂದು ಹಲ್ಲನ್ನೂ ಕೀಳಬಾರದೆಂದು ಹಟ ಹಿಡಿದರು. ಸಾಲು ಸರಿಯಾದರೆ ಮುಖ ತಾನಾಗಿ ಹೊಂದಿಕೊಳ್ಳುತ್ತದೆಂಬುದು ಅವರ ನಂಬಿಕೆ. 1911ರಲ್ಲಿ ಕ್ಯಾಲ್ವಿನ್ ಕೇಸ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಗುರುವನ್ನು ಕೊನೆಗೆ ಸೋಲಿಸಿದ್ದು ಮಾತ್ರ ಶಿಷ್ಯನೇ. ಚಾರ್ಲ್ಸ್ ಟ್ವೀಡ್ ತಾವೇ ಚಿಕಿತ್ಸೆ ಮಾಡಿದ್ದ ರೋಗಿಗಳನ್ನು ಮತ್ತೆ ನೋಡಿದಾಗ ಹಲವರ ತುಟಿ ಉಬ್ಬಿತ್ತು, ಹಲ್ಲುಗಳು ಮತ್ತೆ ವಕ್ರವಾಗಿದ್ದವು. ಅಂಥವರ ಹಲ್ಲು ಕೀಳಿಸಿ ಅವರು ಮರುಚಿಕಿತ್ಸೆ ಕೊಟ್ಟರು.

ತುಟಿಯೇನು ಹಲ್ಲಿಗೆ ಅಂಟಿಸಿದ ಪರದೆಯಲ್ಲ. ಸ್ನಾಯು, ಕೊಬ್ಬು, ಚರ್ಮ ಸೇರಿದ ಅದಕ್ಕೆ ತನ್ನದೇ ದಪ್ಪ, ತನ್ನದೇ ಬಿಗಿಯಿದೆ. ಸಾಲನ್ನು ಪಕ್ಕಕ್ಕೆ ಅಗಲಿಸಿದರೆ ಮೂಗಿನ ಬುಡ ಒಂದೆರಡು ಮಿಲಿಮೀಟರ್ ಅಗಲವಾದೀತು. ತುಟಿಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಸಾಮಾನ್ಯವಾಗಿ ಆಗದು. ಮುಂದಿನ ಹಲ್ಲುಗಳು ಹೊರಕ್ಕೆ ವಾಲಿದಾಗ ತುಟಿಯೂ ಹಿಂಬಾಲಿಸುತ್ತದೆ, ಆದರೆ ಅಷ್ಟೇ ದೂರವಲ್ಲ. ತುಟಿ ದಪ್ಪವಿದ್ದರೆ ಇನ್ನೂ ಕಡಿಮೆ. ಬೆಳೆಯುವ ಮಗುವಿನಲ್ಲಿ ಮೂಗು, ಗದ್ದ ಎರಡೂ ಬೆಳೆಯುತ್ತಿರುವುದರಿಂದ ಯಾವುದು ತಂತಿಯ ಫಲ, ಯಾವುದು ವಯಸ್ಸಿನದೆಂದು ಬೇರ್ಪಡಿಸುವುದೂ ಸುಲಭವಲ್ಲ.

ಇನ್ನು ತುಟಿ ಉಬ್ಬಿದೆ ಎನ್ನುವುದು ಯಾರ ಅಳತೆಯಲ್ಲಿ? ಮೂಗಿನ ತುದಿಯಿಂದ ಗದ್ದಕ್ಕೆ ಗೆರೆ ಎಳೆದು ನೋಡುವ ಪದ್ಧತಿಯನ್ನು ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ರಿಕೆಟ್ಸ್. ಅಲ್ಲಿನ ಬಿಳಿಯರ ಮುಖಕ್ಕೆ ಹೊಂದುವ ಆ ಗೆರೆಯನ್ನು ತುಂಬುತುಟಿಯ ನಮ್ಮವರಿಗೆ ಹಾಗೆಯೇ ಹಿಡಿದರೆ ಚೆನ್ನಾಗಿರುವ ಮುಖವೂ ದೋಷವುಳ್ಳದ್ದಾಗಿ ಕಂಡೀತು, ಗಟ್ಟಿಯಾದ ಹಲ್ಲುಗಳು ವಿನಾಕಾರಣ ಇಕ್ಕಳಕ್ಕೆ ಸಿಕ್ಕಾವು. ಒಪ್ಪಿಗೆ ಕೊಡುವ ಮುನ್ನ ಪಾಲಕರು ವೈದ್ಯರನ್ನು ಕೇಳಬೇಕಾದದ್ದು ಇಷ್ಟೆ: ಸಾಲು ಅಗಲವಾಗುವುದು ಪಕ್ಕಕ್ಕೋ, ಮುಂದಕ್ಕೋ?