ಅಲ್ಪಾವಧಿ ಚರ್ಚ್ ನಿರ್ಮಾಣ ಸೇವೆ

ಕ್ರೈಸ್ತ ಸ್ವಯಂಸೇವಕರು ಸಾಮಾನ್ಯವಾಗಿ ಒಂದೆರಡು ವಾರಗಳ ಮಟ್ಟಿಗೆ ಹೊರದೇಶಕ್ಕೆ ಹೋಗಿ, ಅಲ್ಲಿನ ಸಭೆಗೆ ಪ್ರಾರ್ಥನಾಲಯ ಕಟ್ಟಿಕೊಡುವ ಮಿಷನ್ ಕಾರ್ಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಂತೆ ಭಾಷೆ ಕಲಿತು ವರ್ಷಗಟ್ಟಲೆ ನೆಲೆಸುವ ಕ್ರಮ ಇದರಲ್ಲಿಲ್ಲ. ಎರಡನೆಯ ಮಹಾಯುದ್ಧದ ನಂತರ ವಿಮಾನಯಾನ ಅಗ್ಗವಾದಂತೆ ಮುಖ್ಯವಾಗಿ ಅಮೆರಿಕದಲ್ಲಿ ಬೆಳೆಯಿತು. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ನಂಟುಳ್ಳ ಮಾರನಾಥ ಸಂಸ್ಥೆ (ಸ್ಥಾಪನೆ 1969) ಇದಕ್ಕೆ ಪ್ರಮುಖ ಉದಾಹರಣೆ. ಅದು ಭಾರತದಲ್ಲೂ ಚರ್ಚುಗಳನ್ನು ಕಟ್ಟಿದೆ.

ಪ್ರಯಾಣದ ಖರ್ಚನ್ನು ಸ್ವಯಂಸೇವಕರು ಸ್ವಂತ ಹಣದಿಂದಲೋ ದೇಣಿಗೆ ಎತ್ತಿಯೋ ಭರಿಸುತ್ತಾರೆ. ಅನೇಕ ಕಡೆ ಅಡಿಪಾಯವನ್ನು ಸ್ಥಳೀಯ ಮೇಸ್ತ್ರಿಗಳು ಮೊದಲೇ ಹಾಕಿಟ್ಟಿರುತ್ತಾರೆ. ಬಂದ ತಂಡ ಗಾರೆ ಕಲಸಿ, ಮೂಲೆಯಿಂದ ಮೂಲೆಗೆ ದಾರ ಬಿಗಿದು, ಸಿಮೆಂಟ್ ಬ್ಲಾಕುಗಳನ್ನು ಒಂದೊಂದೇ ವರಸೆಯಾಗಿ ಏರಿಸುತ್ತದೆ. ಪರಿಣತಿ ಬೇಡುವ ಕೆಲಸ ಮತ್ತೆ ಮೇಸ್ತ್ರಿಗಳಿಗೇ. ಮಾರನಾಥದ ‘ಒನ್ ಡೇ ಚರ್ಚ್’ ವಿಧಾನದಲ್ಲಿ ಉಕ್ಕಿನ ಚೌಕಟ್ಟೂ ಸೂರೂ ಒಂದೇ ದಿನದಲ್ಲಿ ನಿಲ್ಲುತ್ತವೆ, ಗೋಡೆ ಆಮೇಲೆ ಏಳುತ್ತದೆ. ಜೊತೆಗೆ ಮಕ್ಕಳ ಬೈಬಲ್ ತರಗತಿ, ವೈದ್ಯಕೀಯ ಶಿಬಿರಗಳೂ ನಡೆಯುವುದುಂಟು.

ಟಿಕೆಟ್ಟಿನ ಹಣದಲ್ಲಿ ಸ್ಥಳೀಯರಿಗೇ ಕೂಲಿ ಕೊಡಬಹುದಿತ್ತೆಂಬ ಆಕ್ಷೇಪ ಹಳೆಯದು, ಬಲವಾದದ್ದೂ ಹೌದು. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸಿನಲ್ಲಿ ಎದ್ದ ಮನೆಗಳನ್ನು ಕುರಿತ ಕರ್ಟ್ ವೆರ್ ಬೀಕ್ ಅವರ 2006ರ ಅಧ್ಯಯನದ ಪ್ರಕಾರ, ಮನೆ ಕಟ್ಟಿದವರು ವಿದೇಶಿಯರೋ ಸ್ಥಳೀಯರೋ ಎಂಬುದರಿಂದ ಫಲಾನುಭವಿಗಳ ಬದುಕಿನಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ.