ರಾಬರ್ಟೊ ಕ್ಲೆಮೆಂಟೆ (1934–1972)

ಪೋರ್ಟೊ ರಿಕೊದಲ್ಲಿ ಹುಟ್ಟಿದ ಕ್ಲೆಮೆಂಟೆ, 1955ರಿಂದ 1972ರವರೆಗೆ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದಲ್ಲಿ 18 ಋತು ಆಡಿದರು. ಮೈದಾನದ ಬಲ ಹೊರವಲಯದ ಕಾವಲು ಅವರದು. ಅಲ್ಲಿಂದ ಅವರು ಎಸೆಯುತ್ತಿದ್ದ ಚೆಂಡಿನ ವೇಗ ಮತ್ತು ಗುರಿಗೆ ಅಂಜಿ ಎದುರಾಳಿಗಳು ಮುಂದಿನ ಬೇಸ್‌ಗೆ ಓಡಲು ಹಿಂಜರಿಯುತ್ತಿದ್ದರು.

ಶ್ರೇಷ್ಠ ಕ್ಷೇತ್ರರಕ್ಷಣೆಯ ಗೋಲ್ಡ್ ಗ್ಲೋವ್ 12 ಬಾರಿ, ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಪ್ರಶಸ್ತಿ 4 ಬಾರಿ ಅವರಿಗೆ ಸಂದವು. 1960 ಮತ್ತು 1971ರಲ್ಲಿ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1971ರ ಸರಣಿಶ್ರೇಷ್ಠರು ಅವರೇ. ಕಪ್ಪು ವರ್ಣದ, ಸ್ಪ್ಯಾನಿಷ್ ಮಾತಾಡುವ ಆಟಗಾರರ ಘನತೆಗಾಗಿ ಅವರು ದನಿಯೆತ್ತಿದರು.

1972ರ ಸೆಪ್ಟೆಂಬರ್ 30ರಂದು 3,000ನೇ ಹಿಟ್ ಪೂರೈಸಿದರು. ಡಿಸೆಂಬರ್ 31ರಂದು, ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ಮೃತಪಟ್ಟರು. ಐದು ವರ್ಷ ಕಾಯಬೇಕೆಂಬ ನಿಯಮವನ್ನು ಸಡಿಲಿಸಿ, 1973ರಲ್ಲೇ ಅವರನ್ನು ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.